ಕಂಠೀರವ ಕ್ರೀಡಾಂಗಣ ಮತ್ತು ಬೆಂಗಳೂರು ಎಫ್‌ಸಿ ಬೆಂಬಲಿಗರು

ಕಂಠೀರವ ಕ್ರೀಡಾಂಗಣ: ಬೆಂಗಳೂರಿನ ನಡುಭಾಗದಲ್ಲಿ, ಕಬ್ಬನ್ ಉದ್ಯಾನದ ಬಳಿ ಇರುವ ಸರ್ಕಾರಿ ಕ್ರೀಡಾಂಗಣ. ಪೂರ್ಣ ಹೆಸರು ಶ್ರೀ ಕಂಠೀರವ ಹೊರಾಂಗಣ ಕ್ರೀಡಾಂಗಣ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಸ್ವತ್ತು. ಸುಮಾರು 25 ಸಾವಿರ ಜನ ಕೂರಬಹುದು. ಸುತ್ತ ಓಟಗಾರರ ಸಿಂಥೆಟಿಕ್ ಟ್ರ್ಯಾಕ್, ಅದರೊಳಗೆ ಹುಲ್ಲಿನ ಫುಟ್‌ಬಾಲ್ ಅಂಗಳ. 2014ರಿಂದ ಇದು ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ, ಅಂದರೆ ಬೆಂಗಳೂರು ಎಫ್‌ಸಿಯ, ತವರಿನ ಅಂಗಳ.

ರಾಯಚೂರು ಜಿಲ್ಲೆಯ ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಕಡೆ ಈ ಹೆಸರು ಕೇಳಿದರೆ ಮೊದಲು ಫುಟ್‌ಬಾಲ್ ನೆನಪಾಗುವುದು ಕಡಿಮೆ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ಅವರ ಪಾರ್ಥಿವ ಶರೀರವನ್ನು ಜನರ ದರ್ಶನಕ್ಕೆ ಇಟ್ಟಿದ್ದು ಇಲ್ಲಿ. 2021ರ ಅಕ್ಟೋಬರ್ ಕೊನೆಯಲ್ಲಿ ಪುನೀತ್ ರಾಜ್‌ಕುಮಾರ್ ಅವರನ್ನು ಕಡೆಯ ಸಲ ನೋಡಲು ನಾಡಿನ ಮೂಲೆಮೂಲೆಯಿಂದ ಬಂದವರು ಸಾಲುಗಟ್ಟಿ ನಿಂತದ್ದೂ ಇಲ್ಲೇ. ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ 2013ರಲ್ಲಿ, ಮತ್ತೆ 2023ರಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಇದೇ ಅಂಗಳದಲ್ಲಿ. ನಾಡಿನ ದುಃಖಕ್ಕೂ ಸಂಭ್ರಮಕ್ಕೂ ಜಾಗ ಕೊಟ್ಟ ಈ ಕ್ರೀಡಾಂಗಣದಲ್ಲಿ ಪಂದ್ಯದ ಸಂಜೆ ನೀಲಿ ಅಂಗಿ ತೊಟ್ಟ ಸಾವಿರಾರು ಜನ ಸೇರಿ ತೊಂಬತ್ತು ನಿಮಿಷ ಹಾಡುತ್ತಾರೆ. ಈ ಲೇಖನ ಮುಖ್ಯವಾಗಿ ಅವರ ಕುರಿತದ್ದು.

ಕ್ರೀಡಾಂಗಣ ನಿಂತಿರುವ ನೆಲ ಒಂದು ಕಾಲಕ್ಕೆ ಸಂಪಂಗಿ ಕೆರೆ. ಊರು ಬೆಳೆದಂತೆ ಕೆರೆ ಬತ್ತಿತು. ಉಳಿದ ಒಂದು ಸಣ್ಣ ಕೊಳದಲ್ಲಿ ಬೆಂಗಳೂರು ಕರಗದ ವಿಧಿಗಳು ಈಗಲೂ ನಡೆಯುತ್ತವೆ. 1997ರಲ್ಲಿ ಕರ್ನಾಟಕ ರಾಷ್ಟ್ರೀಯ ಕ್ರೀಡಾಕೂಟವನ್ನು ನಡೆಸಿದಾಗ ಕ್ರೀಡಾಂಗಣಕ್ಕೆ ಇಂದಿನ ರೂಪ ಬಂತು. ಅಥ್ಲೆಟಿಕ್ಸ್‌ಗೆಂದು ಕಟ್ಟಿದ್ದರಿಂದ ಗ್ಯಾಲರಿಗೂ ಫುಟ್‌ಬಾಲ್ ಅಂಗಳಕ್ಕೂ ನಡುವೆ ಟ್ರ್ಯಾಕಿನಷ್ಟು ಅಂತರ ಉಳಿಯಿತು. ಗೋಲಿನ ಹಿಂದೆ ಕೂತವರಿಗೆ ಎದುರು ಗೋಲು ಬಹಳ ದೂರ. ಫುಟ್‌ಬಾಲ್ ನೋಡಲು ಇದು ಒಳ್ಳೆಯ ಏರ್ಪಾಡಲ್ಲ. ಆದರೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಬಲಿಗರು ತಮ್ಮ ದನಿಯಿಂದಲೇ ಈ ಅಂತರ ದಾಟಿದ್ದಾರೆ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಸಮೂಹದ ಒಡೆತನದಲ್ಲಿ. ಮೊದಲ ವರ್ಷ ಆಡಿದ್ದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಅಲ್ಲಿ ಟ್ರ್ಯಾಕ್ ಇಲ್ಲ, ಗ್ಯಾಲರಿ ಅಂಗಳಕ್ಕೆ ತೀರಾ ಹತ್ತಿರ. 2013ರ ಸೆಪ್ಟೆಂಬರ್ 22ರಂದು ಮೋಹನ್ ಬಗಾನ್ ಎದುರಿನ ಮೊದಲ ಐ-ಲೀಗ್ ಪಂದ್ಯ 1-1ರಲ್ಲಿ ಸಮವಾಯಿತು. ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ತರಬೇತುದಾರ, ಸುನಿಲ್ ಛೆಟ್ರಿ ನಾಯಕ. ಪಶ್ಚಿಮದ ಗ್ಯಾಲರಿಯಲ್ಲಿ ಪಂದ್ಯವಿಡೀ ನಿಂತೇ ಹಾಡುತ್ತಿದ್ದ ಹುಡುಗ ಹುಡುಗಿಯರ ಗುಂಪಿಗೆ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಹೆಸರು ಬಂತು. ಆ ವರ್ಷವೇ ತಂಡ ಲೀಗ್ ಗೆದ್ದಿತು. ಕಾಲಿಟ್ಟ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಮೊದಲ ಕ್ಲಬ್ ಎಂಬ ದಾಖಲೆ ಅದರದಾಯಿತು. ಮುಂದಿನ ವರ್ಷ ಕಂಠೀರವಕ್ಕೆ ಬಂದಾಗ ಬೆಂಬಲಿಗರು ಗುಂಪಿನ ಹೆಸರನ್ನೂ ಅಲ್ಲಿನ ಪಶ್ಚಿಮದ ಗ್ಯಾಲರಿಗೆ ತಂದರು. ‘ನಮ್ಮೂರು ಬೆಂಗಳೂರು’ ಎಂಬ ಕೂಗು ಅಲ್ಲಿಂದ ಏಳುತ್ತದೆ. ಗೆದ್ದ ರಾತ್ರಿ ಆಟಗಾರರು ಆ ಗ್ಯಾಲರಿಯ ಎದುರು ಸಾಲಾಗಿ ನಿಂತು ಬೆಂಬಲಿಗರ ಜತೆ ತಲೆಯ ಮೇಲೆ ಕೈಯೆತ್ತಿ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟುತ್ತಾರೆ. ಆ ಗ್ಯಾಲರಿಯಲ್ಲಿ ಕನ್ನಡ, ತಮಿಳು, ಮಲಯಾಳ, ಹಿಂದಿ, ಇಂಗ್ಲಿಷ್ ಎಲ್ಲ ಕೇಳಿಬರುತ್ತವೆ. ಕೆಲಸ ಅರಸಿ ಈ ಊರಿಗೆ ಬಂದವರಿಗೆ ‘ನಮ್ಮೂರು’ ಎನ್ನಲು ಫುಟ್‌ಬಾಲ್ ದಾರಿ ಮಾಡಿಕೊಟ್ಟಿದೆ. ಕ್ಲಬ್ ಈ ನಗರಕ್ಕೆ ಕೊಟ್ಟದ್ದರಲ್ಲಿ ಟ್ರೋಫಿಗಳಿಗಿಂತ ದೊಡ್ಡದು ಇದೇ.

ಕಂಠೀರವದ ನೆನಪುಗಳಲ್ಲಿ ಸೋಲಿನದೂ ಗೆಲುವಿನಷ್ಟೇ ಪಾಲು ಪಡೆದಿದೆ. 2015ರ ಮೇ 31ರಂದು ಐ-ಲೀಗಿನ ಕೊನೆಯ ಪಂದ್ಯ, ಎದುರಾಳಿ ಮತ್ತೆ ಮೋಹನ್ ಬಗಾನ್. ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ, ಸಮವಾದರೆ ಕೋಲ್ಕತ್ತಕ್ಕೆ. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದ ತಂಡಕ್ಕೆ ಪಂದ್ಯ ಮುಗಿಯಲು ಕೆಲವೇ ನಿಮಿಷ ಇದ್ದಾಗ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು ಪ್ರಶಸ್ತಿಯನ್ನು ಕಸಿದುಕೊಂಡಿತು. ಮರುವರ್ಷ ತಂಡ ಲೀಗನ್ನು ಮತ್ತೆ ಗೆದ್ದುಕೊಂಡಿತು.

2016ರ ಅಕ್ಟೋಬರ್ 19ರ ರಾತ್ರಿಯನ್ನು ಹಳೆಯ ಬೆಂಬಲಿಗರು ಎಲ್ಲಕ್ಕಿಂತ ಮೇಲಿಡುತ್ತಾರೆ. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಚರಣ, ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಂ. ಛೆಟ್ರಿ ಎರಡು, ಸ್ಪೇನಿನ ಹುವಾನಾನ್ ಒಂದು ಗೋಲು ಹೊಡೆದು ಪಂದ್ಯ 3-1ರಲ್ಲಿ ಬೆಂಗಳೂರಿನ ಪಾಲಾಯಿತು. ಏಷ್ಯಾ ಮಟ್ಟದ ಈ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಇದು. ಆಲ್ಬರ್ಟ್ ರೋಕಾ ತರಬೇತಿಯ ತಂಡ ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ಅಲ್-ಕುವಾ ಅಲ್-ಜಾವಿಯಾಗೆ 0-1ರಿಂದ ಸೋತಿತು. ಆದರೂ ಭಾರತದ ಒಂದು ಕ್ಲಬ್ ಹೊರದೇಶದ ಬಲಾಢ್ಯ ತಂಡವನ್ನು ತನ್ನ ಜನರ ಮುಂದೆ ಮಣಿಸಬಲ್ಲದು ಎಂಬ ಧೈರ್ಯವನ್ನು ಕಂಠೀರವದ ಆ ರಾತ್ರಿ ಕೊಟ್ಟಿತು.

2017ರಲ್ಲಿ ಕ್ಲಬ್ ಇಂಡಿಯನ್ ಸೂಪರ್ ಲೀಗ್‌ಗೆ ಬಂತು. ಮೊದಲ ವರ್ಷ ಲೀಗ್ ಹಂತದಲ್ಲಿ ಅಗ್ರಸ್ಥಾನ, ಸೆಮಿಫೈನಲ್‌ನಲ್ಲಿ ಪುಣೆ ಎದುರು ಛೆಟ್ರಿ ಹ್ಯಾಟ್ರಿಕ್, ಫೈನಲ್ ಕೂಡ ಕಂಠೀರವದಲ್ಲೇ. 2018ರ ಮಾರ್ಚ್ 17ರಂದು ಕಿಕ್ಕಿರಿದ ಗ್ಯಾಲರಿಗಳ ಮುಂದೆ ಒಂಬತ್ತನೆಯ ನಿಮಿಷಕ್ಕೇ ಛೆಟ್ರಿ ಗೋಲು ಹೊಡೆದರು. ಬಳಿಕ ಚೆನ್ನೈಯಿನ್ ಎಫ್‌ಸಿಯ ಮೈಲ್ಸನ್ ಆಲ್ವೆಸ್ ಎರಡು ಸಲ ತಲೆಯಿಂದ ಚೆಂಡನ್ನು ಬಲೆಗೆ ನೂಕಿದರು. ಕೊನೆಗೆ 2-3. ಕಾವೇರಿಯಿಂದ ಹಿಡಿದು ಕ್ರಿಕೆಟ್‌ವರೆಗೆ ಚೆನ್ನೈ ಜತೆಗಿನ ಪೈಪೋಟಿ ಎಂಥದೆಂದು ಬಲ್ಲ ಬೆಂಗಳೂರಿಗರಿಗೆ ಆ ಸೋಲು ಬಹಳ ದಿನ ಕಾಡಿತು. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಎಫ್‌ಸಿ ಗೋವಾ ಎದುರಿನ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ಹೊಡೆದ ಹೆಡರ್ ಕ್ಲಬ್ಬಿಗೆ ಸೂಪರ್ ಲೀಗ್ ಪ್ರಶಸ್ತಿ ತಂದಿತು.

ಆ ಬಳಿಕ ಲೀಗ್ ಪ್ರಶಸ್ತಿ ಒಲಿದಿಲ್ಲ. ಕೊರೊನಾ ಕಾಲದ ಎರಡು ಋತುಗಳು ಗೋವಾದ ಖಾಲಿ ಅಂಗಳಗಳಲ್ಲಿ ಕಳೆದವು. ತಂಡ ಕಂಠೀರವಕ್ಕೆ ಮರಳಿದ್ದು 2022ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚೆ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಡ್ಯುರಾಂಡ್ ಕಪ್ ಗೆದ್ದು ಬಂದಿತ್ತು. 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ಎದುರಿನ ಪ್ಲೇಆಫ್ ಭಾರತದ ಫುಟ್‌ಬಾಲ್‌ನಲ್ಲೇ ಬಲು ಚರ್ಚೆಯಾದ ಪಂದ್ಯಗಳಲ್ಲಿ ಒಂದು. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ, ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ ಛೆಟ್ರಿ ಫ್ರೀ ಕಿಕ್ಕನ್ನು ಬಲೆಗೆ ಎತ್ತಿ ಹಾಕಿದರು. ರೆಫರಿ ಗೋಲು ಕೊಟ್ಟರು. ಕೇರಳದ ತರಬೇತುದಾರ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಹೊರಗೆ ಕರೆದುಕೊಂಡು ಹೋದರು. ಪಂದ್ಯ ಬೆಂಗಳೂರಿಗೆ ಸಂದಿತು, ಕೇರಳದ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಬೆಂಗಳೂರಿನಲ್ಲಿ ಮಲಯಾಳಿಗಳು ಬಹಳ ಇರುವುದರಿಂದ ಈ ಎರಡು ತಂಡಗಳ ಪಂದ್ಯಕ್ಕೆ ಹಳದಿ ಅಂಗಿಯವರೂ ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ದಕ್ಷಿಣದ ಬೇರೆ ಯಾವ ಪಂದ್ಯಕ್ಕೂ ಇಷ್ಟು ಕಾವಿಲ್ಲ.

2023-24ರಲ್ಲಿ ತಂಡ ಹನ್ನೆರಡರಲ್ಲಿ ಹತ್ತನೆಯ ಸ್ಥಾನಕ್ಕೆ ಕುಸಿಯಿತು. ಮುಂದಿನ ವರ್ಷ ಹೊಸ ಹುರುಪು ಬಂತು. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು ತಂಡವನ್ನು 1-0ರಿಂದ ಗೆಲ್ಲಿಸಿದ್ದು ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹದಿಹರೆಯದ ವಿನೀತ್ ವೆಂಕಟೇಶ್. 2025ರ ಮಾರ್ಚ್‌ನಲ್ಲಿ ಪ್ಲೇಆಫ್ ಪಂದ್ಯದಲ್ಲಿ ತಂಡ ಮುಂಬೈ ಸಿಟಿಯನ್ನು ಇದೇ ಅಂಗಳದಲ್ಲಿ 5-0ರಿಂದ ಸೋಲಿಸಿತು. ಸೆಮಿಫೈನಲ್‌ನ ಎರಡನೆಯ ಚರಣದಲ್ಲಿ ಗೋವಾ ಎರಡು ಗೋಲು ಹೊಡೆದು ಒಟ್ಟು ಲೆಕ್ಕ ಸಮ ಮಾಡಿದಾಗ, ಕಟ್ಟಕಡೆಯ ಗಳಿಗೆಯಲ್ಲಿ ತಲೆಯಿಂದ ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಒಯ್ದವರು ನಲವತ್ತರ ಛೆಟ್ರಿ. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮೊದಲು ಮುನ್ನಡೆ ಸಾಧಿಸಿಯೂ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನ್‌ಗೆ 1-2ರಿಂದ ಶರಣಾಗಬೇಕಾಯಿತು.

ಇಷ್ಟೆಲ್ಲ ಆಡಿದ ಕ್ಲಬ್ಬಿಗೆ ಸ್ವಂತದ್ದೆನ್ನುವ ಕ್ರೀಡಾಂಗಣ ಇಲ್ಲ. ಕಂಠೀರವ ಅಥ್ಲೀಟ್‌ಗಳಿಗೂ ಸೇರಿದ್ದು. ಫುಟ್‌ಬಾಲ್ ಪಂದ್ಯಗಳ ಸಿದ್ಧತೆಯಿಂದ ತಮ್ಮ ಅಭ್ಯಾಸಕ್ಕೆ ತೊಂದರೆಯಾಗುತ್ತಿದೆ ಎಂದು ಅವರು ದೂರಿದರು, ವಿಷಯ ಹೈಕೋರ್ಟಿಗೂ ಹೋಯಿತು. 2019ರಲ್ಲಿ ತವರಿನ ಪಂದ್ಯಗಳನ್ನು ಪುಣೆಯ ಬಾಲೇವಾಡಿಗೆ ಒಯ್ಯುವ ಮಾತು ಗಟ್ಟಿಯಾಗಿ ಕೇಳಿಬಂದು, ಕೊನೆಗೆ ತಂಡ ಇಲ್ಲೇ ಉಳಿಯಿತು. ಅಥ್ಲೀಟ್‌ಗಳ ದೂರಿನಲ್ಲಿ ಹುರುಳಿದೆ. ಬೆಳಗ್ಗೆ ಐದಕ್ಕೆ ಎದ್ದು ಓಡಲು ಬರುವ ಹುಡುಗಿಗೆ ಟ್ರ್ಯಾಕ್ ಸಿಗಲೇಬೇಕು. ಫುಟ್‌ಬಾಲ್ ಬೆಂಬಲಿಗರ ಮಾತೂ ಸುಳ್ಳಲ್ಲ. ಕೋಟಿ ದಾಟಿದ ಜನಸಂಖ್ಯೆಯ ನಗರಕ್ಕೆ ದೊಡ್ಡ ಪಂದ್ಯಗಳಿಗೆ ತಕ್ಕ, ಫುಟ್‌ಬಾಲ್‌ಗೆಂದೇ ಕಟ್ಟಿದ ಒಂದು ಅಂಗಳ ಬೇಕು. ಅಶೋಕನಗರದ ಹಳೆಯ ಕ್ರೀಡಾಂಗಣ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಲೀಗ್ ಪಂದ್ಯಗಳಿಗೆ ಸರಿ, ಸೂಪರ್ ಲೀಗ್ ಜನಸಂದಣಿಗೆ ಸಾಲದು. 2025ರ ಜೂನ್ 4ರಂದು ಹತ್ತಿರದ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತಕ್ಕೆ 11 ಜನ ಬಲಿಯಾದ ಮೇಲಂತೂ ಜನ ಬರುವ ದಾರಿ, ಹೋಗುವ ದಾರಿ, ಗೇಟುಗಳ ಅಗಲ ಇವೆಲ್ಲ ಪ್ರತಿಯೊಬ್ಬ ಪ್ರೇಕ್ಷಕನ ಪ್ರಾಣದ ಪ್ರಶ್ನೆಗಳಾಗಿವೆ.

ಬೆಂಗಳೂರಿನ ಫುಟ್‌ಬಾಲ್ ಈ ಕ್ಲಬ್ಬಿನಿಂದ ಶುರುವಾದದ್ದಲ್ಲ. ದಂಡು ಪ್ರದೇಶದ ಬ್ರಿಟಿಷ್ ಸೈನಿಕರ ಆಟವನ್ನು ಹಲಸೂರು, ಗೌತಮಪುರ, ಆಸ್ಟಿನ್ ಟೌನ್‌ನ ಹುಡುಗರು ಬರಿಗಾಲಲ್ಲಿ ಕಲಿತರು. ಬ್ಯಾಂಗಳೂರ್ ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಮೈಸೂರು ರಾಜ್ಯದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು 1946-47, 1952-53, 1967-68, 1968-69ರಲ್ಲಿ ಗೆದ್ದಿತ್ತು. ಆಮೇಲಿನ ಬರಗಾಲ ದೀರ್ಘವಾದದ್ದು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಆ ಕಪ್ಪನ್ನು ಎತ್ತಿಹಿಡಿಯಿತು.

ಮೈಸೂರು ರಾಜ್ಯ ಮೊದಲ ಸಂತೋಷ್ ಟ್ರೋಫಿಗಳನ್ನು ಗೆಲ್ಲುತ್ತಿದ್ದ ಕಾಲಕ್ಕೆ ಮಸ್ಕಿಯ ಸೀಮೆ ಬೇರೊಂದು ಫುಟ್‌ಬಾಲ್ ಲೋಕಕ್ಕೆ ಸೇರಿತ್ತು. ರಾಯಚೂರು ಜಿಲ್ಲೆ 1956ರವರೆಗೂ ಹೈದರಾಬಾದ್ ರಾಜ್ಯದ ಭಾಗ. ಸಯ್ಯದ್ ಅಬ್ದುಲ್ ರಹೀಮ್ ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ರೋವರ್ಸ್ ಕಪ್ ಗೆದ್ದಾಗ ಈ ಸೀಮೆಯ ರಾಜಧಾನಿ ಹೈದರಾಬಾದೇ ಆಗಿತ್ತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷದ ಕೊನೆಗೆ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮ್ ಅವರ ಭಾರತ ತಂಡ ನಾಲ್ಕನೆಯ ಸ್ಥಾನ ಪಡೆಯಿತು. ಹೈದರಾಬಾದಿನ ಆಟ ಅಲ್ಲೇ ಉಳಿಯಿತು, ಬೆಂಗಳೂರಿನ ಆಟ ಇಲ್ಲಿಗೆ ಬರಲಿಲ್ಲ. ಎರಡು ದೊಡ್ಡ ಫುಟ್‌ಬಾಲ್ ನಗರಗಳ ನಡುವಿನ ಈ ನೆಲದಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಬೇರುಬಿಟ್ಟವು.

ಸಿಂಧನೂರಿನ ಬಳಿ ಮತ್ತೊಂದು ಎಳೆ ಇದೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಆರ್.ಎಚ್. ಕ್ಯಾಂಪ್‌ಗಳೆಂದೇ ಆ ಊರುಗಳನ್ನು ಎಲ್ಲರೂ ಕರೆಯುತ್ತಾರೆ. ಹೀಗೆ ಪೂರ್ವ ಬಂಗಾಳ ಬಿಟ್ಟು ಕೋಲ್ಕತ್ತ ಸೇರಿದವರ ಪ್ರೀತಿಯ ಕ್ಲಬ್ 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್. ಅದರ ಹೆಸರಾಂತ ‘ಪಂಚಪಾಂಡವ’ ಮುನ್ಪಡೆಯಲ್ಲಿ ಒಬ್ಬರು ಇದೇ ಬೆಂಗಳೂರಿನ ಅಹ್ಮದ್ ಖಾನ್. ಆ ಕ್ಲಬ್ ಈಗ ಪಂದ್ಯ ಆಡಲು ಕಂಠೀರವಕ್ಕೆ ಬರುತ್ತದೆ.

ಮಸ್ಕಿಯಿಂದ ಕಂಠೀರವಕ್ಕೆ ನಾನೂರು ಕಿಲೊಮೀಟರ್‌ಗಿಂತ ಹೆಚ್ಚು ದೂರ. ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು ಹಾದು ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. 2024ರಲ್ಲಿ ಸಿಂಧನೂರಿಗೆ ರೈಲು ಬಂದದ್ದು ಈ ಭಾಗದವರಿಗೆ ದೊಡ್ಡ ಅನುಕೂಲ. ಆದರೆ ಸಂಜೆ ಏಳೂವರೆಗೆ ಶುರುವಾಗುವ ಪಂದ್ಯ ನೋಡಿ ಊರಿಗೆ ಮರಳುವಷ್ಟರಲ್ಲಿ ಮಾರನೆಯ ದಿನವೂ ಕಳೆದಿರುತ್ತದೆ. ಬಹುಪಾಲು ಜನರಿಗೆ ಕಂಠೀರವ ಎಂದರೆ ಮೊಬೈಲಿನ ಪರದೆ.

ಕ್ಲಬ್ಬಿನ ಇನ್ನೊಂದು ಮನೆ ಮಾತ್ರ ಇಲ್ಲಿಗೆ ಹತ್ತಿರ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ಈ ಕಡೆಯವರೆಲ್ಲ ‘ಜಿಂದಾಲ್’ ಎನ್ನುತ್ತಾರೆ. ಅದೇ ಜೆಎಸ್‌ಡಬ್ಲ್ಯು. ಅಲ್ಲಿನ ವಿಜಯನಗರ ಟೌನ್‌ಶಿಪ್ಪಿನಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ನಡೆದಿದೆ. ಹಿರಿಯರ ತಂಡವೂ ಋತುವಿಗೆ ಮುಂಚಿನ ಶಿಬಿರಕ್ಕೆ ಅಲ್ಲಿಗೆ ಬಂದದ್ದುಂಟು. ಮಸ್ಕಿಯಿಂದ ನೂರೈವತ್ತು ಕಿಲೊಮೀಟರ್ ಆಸುಪಾಸು, ತುಂಗಭದ್ರೆ ದಾಟಿದರೆ ಸಾಕು. ಕ್ಲಬ್ಬಿನ ಕಿರಿಯರು 2022 ಮತ್ತು 2023ರಲ್ಲಿ ದೇಶದ ಡೆವಲಪ್‌ಮೆಂಟ್ ಲೀಗ್ ಗೆದ್ದರು. ಶಿವಶಕ್ತಿ ನಾರಾಯಣನ್‌ರಂಥವರು ಆ ದಾರಿಯಲ್ಲೇ ಮುಖ್ಯ ತಂಡಕ್ಕೆ ಬಂದರು. ಈಶಾನ್ಯದ ರಾಜ್ಯಗಳಿಂದ, ತಮಿಳುನಾಡಿನಿಂದ ಹುಡುಗರು ಬಂದು ಇಲ್ಲಿ ಬೆಳೆಯುವಾಗ ರಾಯಚೂರು, ಕೊಪ್ಪಳ, ಬಳ್ಳಾರಿಯ ಹಳ್ಳಿಯ ಶಾಲೆಗಳ ಮಕ್ಕಳಿಗೂ ಆ ಬಾಗಿಲು ತೆರೆಯಬೇಕು. ಅದಕ್ಕೆ ಮೊದಲು ತಾಲ್ಲೂಕು ಮಟ್ಟದಲ್ಲಿ ಒಂದು ಸಮತಟ್ಟಾದ ಅಂಗಳ, ಎರಡು ಗೋಲು ಕಂಬ, ಆಟ ಬಲ್ಲ ಒಬ್ಬ ದೈಹಿಕ ಶಿಕ್ಷಕ ಬೇಕು. ಗದ್ದೆಯಲ್ಲಿ ದುಡಿಯುವ ಮನೆಗಳ ಮಕ್ಕಳ ಕಾಲಿಗೆ ಕಸುವಿನ ಕೊರತೆ ಇಲ್ಲ.

2025-26ರ ಋತುವಿನಲ್ಲಿ ಬೆಂಬಲಿಗರ ಹಾರೈಕೆ ಪ್ರಶಸ್ತಿಗಿಂತ ಮೊದಲು ಲೀಗ್ ಉಳಿಯಲಿ ಎಂಬುದಾಗಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರ ಡಿಸೆಂಬರ್‌ನಲ್ಲಿ ಮಾಡಿಕೊಂಡ 15 ವರ್ಷಗಳ ವಾಣಿಜ್ಯ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಅದು ಮುಂದುವರಿಯುವ ಖಾತ್ರಿ ಇಲ್ಲದ್ದರಿಂದ ಸಂಘಟಕರು ಜುಲೈನಲ್ಲೇ ಲೀಗನ್ನು ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ತಿಳಿಸಿತು. ನಾಲ್ಕು ತಿಂಗಳ ಹಿಂದೆ ಫೈನಲ್ ಆಡಿದ್ದ ತಂಡದ ಸ್ಥಿತಿ ಅದು. ಹಾಡುಗಳಿದ್ದವು, ಬಾವುಟಗಳಿದ್ದವು, ಆಡುವ ದಿನಾಂಕ ಮಾತ್ರ ಇರಲಿಲ್ಲ. ಕೊನೆಗೆ 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್‌ಸುಖ್ ಮಾಂಡವೀಯ ಅವರು 14 ಕ್ಲಬ್‌ಗಳ ಲೀಗ್ ಫೆಬ್ರುವರಿ 14ರಿಂದ ನಡೆಯಲಿದೆ ಎಂದು ಘೋಷಿಸಿದರು. ಸಮಯ ಕಡಿಮೆ ಇದ್ದುದರಿಂದ ಪ್ರತಿ ತಂಡವೂ ಉಳಿದವರನ್ನು ಒಮ್ಮೆ ಮಾತ್ರ ಎದುರಿಸುವ ಏರ್ಪಾಡು, ಒಟ್ಟು 91 ಪಂದ್ಯ.

ಈ ಲೆಕ್ಕದಲ್ಲಿ ಒಂದು ತಂಡಕ್ಕೆ ಸಿಗುವುದು 13 ಪಂದ್ಯ, ಅದರಲ್ಲಿ ತವರಿನ ಪಾಲು ಆರು ಅಥವಾ ಏಳು. ಮೊದಲಿನ ಋತುಗಳಲ್ಲಿ ಎರಡು ಸೋಲನ್ನು ಮುಂದಿನ ತಿಂಗಳು ಸರಿಪಡಿಸಿಕೊಳ್ಳಲು ಸಮಯ ಇರುತ್ತಿತ್ತು. ಇಷ್ಟು ಚಿಕ್ಕ ಲೀಗಿನಲ್ಲಿ ತವರಲ್ಲಿ ಕಳೆದುಕೊಂಡ ಪ್ರತಿ ಅಂಕವೂ ದುಬಾರಿ. ಹಾಗಾಗಿ ಪಶ್ಚಿಮದ ಗ್ಯಾಲರಿಯ ದನಿ ಹಿಂದೆಂದಿಗಿಂತ ಹೆಚ್ಚು ಬೇಕಾಗುವ ಹೊತ್ತು ಇದು. ಛೆಟ್ರಿಗೆ ಇನ್ನೊಂದು ಲೀಗ್ ಪ್ರಶಸ್ತಿ ಕೈಗೂಡಲಿ ಎಂಬುದು ಎಲ್ಲ ಬೆಂಬಲಿಗರ ಆಸೆ. ವಿನೀತ್ ವೆಂಕಟೇಶ್‌ರಂಥ ಊರಿನ ಹುಡುಗರಿಗೆ ಪೂರ್ತಿ ತೊಂಬತ್ತು ನಿಮಿಷ ಆಡುವ ಅವಕಾಶ ಸಿಗಲಿ ಎಂಬುದು ಅಷ್ಟೇ ಬಲವಾದ ಇನ್ನೊಂದು ಆಸೆ. ಸಿಂಧನೂರಿನಿಂದ ರೈಲು ಹತ್ತಿ ವರ್ಷಕ್ಕೊಂದೇ ಪಂದ್ಯ ನೋಡಬಲ್ಲವರಿಗಂತೂ ಈ ಆರೇಳರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎನ್ನುವುದೇ ಚಿಂತೆ. ಕೇರಳ, ಚೆನ್ನೈ, ಕೋಲ್ಕತ್ತದ ತಂಡಗಳಲ್ಲಿ ಯಾರು ಬೆಂಗಳೂರಿಗೆ ಬರುತ್ತಾರೆ, ಯಾರ ಊರಿಗೆ ಬೆಂಗಳೂರು ಹೋಗಬೇಕು ಎಂದು ವೇಳಾಪಟ್ಟಿ ನೋಡಿಕೊಂಡೇ ಅವರು ಟಿಕೆಟ್ ಕಾಯ್ದಿರಿಸಬೇಕು.